ರನ್‌ವೇ ಪಕ್ಕದ ಪಿತೃಪಕ್ಷ

ಕಳೆದ ತಿಂಗಳು ಅಣ್ಣನ ಮಗಳ ಸೀಮಂತಕ್ಕೆಂದು ಬೆಳಗಾವಿಗೆ ಹೊರಟಿದ್ದೆ. ಸಣ್ಣ ವಿಮಾನ. ಅಂಥವಕ್ಕೆ ಟರ್ಮಿನಲ್ಲಿಗೆ ಮೂಗು ತಾಗಿಸಿ ನಿಲ್ಲುವ ಯೋಗವಿಲ್ಲ, ನಮ್ಮನ್ನೆಲ್ಲ ಬಸ್ಸಿನಲ್ಲಿ ತಂದು ಬಯಲಿನಲ್ಲಿ ಇಳಿಸಿದರು. ಹಿಂದಿನ ದಿನ ಮಳೆಯಾಗಿತ್ತು. ರನ್‌ವೇ ಆಚೆ ಯಂತ್ರವೊಂದು ಹುಲ್ಲು ಕತ್ತರಿಸುತ್ತಿತ್ತು. ಹಸಿ ಹುಲ್ಲಿನ ವಾಸನೆ, ಅದರ ಮೇಲೆ ವಿಮಾನದ ಎಣ್ಣೆಯ ಘಾಟು. ನಾನು ಮೆಟ್ಟಿಲ ಬುಡದಲ್ಲಿ ನಿಂತೇಬಿಟ್ಟೆ. ಹಿಂದಿದ್ದ ಹುಡುಗಿ "ಆಂಟಿ, ಥೋಡಾ ಆಗೇ" ಎಂದಮೇಲೆ ಕಾಲು ಎತ್ತಿದೆ. ಆ ಎರಡು ವಾಸನೆ ಕೂಡಿದರೆ ನನಗೆ ಬೇರೆ ಏನೂ ನೆನಪಾಗುವುದಿಲ್ಲ, ಒಂದೇ ಒಂದು ಭಾದ್ರಪದ ನೆನಪಾಗುತ್ತದೆ.

ಆ ವರ್ಷ ನಾನು, ನಾವಿರುವ ತೆಲುಗು ನಾಡಿನ ಊರಿನ ವಿಮಾನ ನಿಲ್ದಾಣದ ವಿಸ್ತರಣೆಯ ಕೆಲಸ ಹಿಡಿದಿದ್ದ ಒಂದು ಗುತ್ತಿಗೆ ಕಂಪನಿಯಲ್ಲಿದ್ದೆ. ನನ್ನ ಹುದ್ದೆಯ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಚಹಾ ತಣ್ಣಗಾಗುತ್ತಿತ್ತು: ಪರಿಸರ ಮತ್ತು ಮಾನವ ಹಕ್ಕುಗಳ ಅಪಾಯ ನಿರ್ವಹಣಾಧಿಕಾರಿ. ಬಾಲಾನಗರದ ಕಾರ್ಖಾನೆಯಲ್ಲಿ ಇಡೀ ಆಯುಷ್ಯ ಲೇತ್ ಮುಂದೆ ನಿಂತು ನಿವೃತ್ತರಾದ ಅಪ್ಪನಿಗೆ ಇದು ತಲೆಗೆ ಹತ್ತುತ್ತಲೇ ಇರಲಿಲ್ಲ.

"ಅಂದ್ರ ದಿನಾ ಹೋಗಿ ಏನ್ ಮಾಡ್ತೀಯವಾ ನೀ?"

"ಹಕ್ಕಿ ಬರದಂಗ ನೋಡ್ತೀನಿ, ಆಳಿಗೆ ಅನ್ಯಾಯ ಆಗದಂಗ ನೋಡ್ತೀನಿ."

"ಇದಕ್ಕ ಎಂ.ಎಸ್ಸಿ. ಓದಬೇಕಾತೇನು?"

ಬೇಕಾಗಿತ್ತು, ಓದಿದ್ದೂ ಸಾಲುತ್ತಿರಲಿಲ್ಲ. ಬೆಳಿಗ್ಗೆ ಧೂಳು ಅಳೆಯಬೇಕು, ಚರಂಡಿ ನೀರು ಕೆರೆಗೆ ಹೋಗದಂತೆ ಕಾಯಬೇಕು. ಮಧ್ಯಾಹ್ನ ಕೂಲಿಕಾರರ ಕ್ಯಾಂಪಿಗೆ ಹೋಗಿ ಕುಡಿಯುವ ನೀರು, ಪಾಯಖಾನೆ, ಕೂಸಿನ ಮನೆ ನೋಡಬೇಕು. ಒಬ್ಬ ಮೇಸ್ತ್ರಿ ತನ್ನ ಆಳುಗಳ ಆಧಾರ್ ಕಾರ್ಡುಗಳನ್ನೆಲ್ಲ ಜೋಪಾನಕ್ಕೆಂದು ತನ್ನ ಟ್ರಂಕಿನಲ್ಲಿ ಇಟ್ಟುಕೊಂಡಿದ್ದ. ಜೋಪಾನ ಎಂದರೆ ಅವರು ಕೆಲಸ ಬಿಟ್ಟು ಹೋಗದಂತೆ ಕಟ್ಟಿಹಾಕುವುದು. ನಾನು ಅವನ ಟ್ರಂಕಿನ ಮೇಲೆಯೇ ಕುಳಿತು, ಇವನ್ನೆಲ್ಲ ಅವರವರ ಕೈಗೆ ಕೊಡುವವರೆಗೆ ಏಳುವುದಿಲ್ಲ ಎಂದೆ. ಅವನು ಕೊಟ್ಟ. ಇಂಥ ಕೆಲಸಗಳಲ್ಲಿ ನನಗೆ ಹೆದರಿಕೆ ಎಂಬುದು ಹುಟ್ಟಿನಿಂದಲೇ ಕಡಿಮೆ. ಬೇಕಿದ್ದರೆ ನನ್ನ ಗಂಡನನ್ನು ಕೇಳಬಹುದು.

ಕ್ಯಾಂಪು ರನ್‌ವೇಯ ಒಂದು ತುದಿಗೆ ಸಮೀಪದಲ್ಲೇ ಇತ್ತು. ಉದ್ದುದ್ದ ತಗಡಿನ ಶೆಡ್ಡುಗಳು. ಅರ್ಧಕ್ಕರ್ಧ ಜನ ಯಾದಗಿರಿ, ರಾಯಚೂರು, ಸೇಡಂ ಕಡೆಯವರು. ಹೊರಗೆ ತೆಲುಗು, ಸಾಹೇಬರ ಮುಂದೆ ಹಿಂದಿ, ಒಲೆ ಮುಂದೆ ಕನ್ನಡ. ನಾನು ಮೊದಲ ದಿನವೇ ಕನ್ನಡದಲ್ಲಿ ಬೈದದ್ದರಿಂದ ನನ್ನನ್ನು ಮೇಡಂ ಎನ್ನುವುದು ಬಿಟ್ಟು ಶಾರದಕ್ಕ ಎನ್ನತೊಡಗಿದರು.

ಅವರಲ್ಲಿ ಸುರಪುರ ಕಡೆಯ ದೇವಮ್ಮ ಎಂಬಾಕೆ ಕಬ್ಬಿಣದ ಸರಳು ಕಟ್ಟುವ ತಂಡದಲ್ಲಿದ್ದಳು. ಯಾರೂ ಆರಿಸದಿದ್ದರೂ ಹೆಂಗಸರಿಗೆಲ್ಲ ಅವಳದೇ ಮುಂದಾಳುತನ. ಅವಳ ಗಂಡ ಹಣಮಂತ ಹಿಂದಿನ ವರ್ಷ ದೀಪಾವಳಿ ಹೊತ್ತಿಗೆ ಬೇರೊಂದು ಊರಿನ ಕೆಲಸದಲ್ಲಿ ಗೋಡೆ ಕುಸಿದು ತೀರಿಕೊಂಡಿದ್ದ. ಮಗಳು ಭಾಗ್ಯ ಕ್ಯಾಂಪಿನ ಶಾಲೆಯಲ್ಲಿ ಎರಡನೆಯ ತರಗತಿ. ಹುಟ್ಟಿದಾಗಿನಿಂದ ಊರೂರು ತಿರುಗಿದ ಆ ಹುಡುಗಿ ಒಂದೇ ಶಾಲೆಯಲ್ಲಿ ಅಷ್ಟು ತಿಂಗಳು ಸತತ ಕುಳಿತದ್ದು ಅದೇ ಮೊದಲು. ದೇವಮ್ಮನಿಗೆ ಅದರ ಬಗ್ಗೆ ಬಹಳ ಹೆಮ್ಮೆಯಿತ್ತು, ಅದನ್ನು ಆಕೆ ಮುಚ್ಚಿಡುತ್ತಿರಲಿಲ್ಲ.

ಇನ್ನೊಬ್ಬರು ಇಕ್ಬಾಲ್ ಸಾಹೇಬರು. ರನ್‌ವೇ ಸುತ್ತ ಹಕ್ಕಿ ಓಡಿಸುವ ತಂಡದ ಮುಖ್ಯಸ್ಥರು. ಮೂಲ ಬೀದರ, ವಯಸ್ಸು ಅರವತ್ತಕ್ಕೆ ಹತ್ತಿರ. ನನ್ನನ್ನು ಬಾಯಿ ಎಂದು ಮರ್ಯಾದೆಯಿಂದ ಕರೆಯುತ್ತಿದ್ದರು. ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ಹಳದಿ ಜೀಪಿನಲ್ಲಿ ಕುಳಿತು, ಪಟಾಕಿ ಹಾರಿಸುವ ಬಂದೂಕು ಹಿಡಿದು ದಿನವಿಡೀ ತಿರುಗುತ್ತಿದ್ದರು. ಒಂದು ಹದ್ದು ಎಂಜಿನ್ನಿಗೆ ಹೋದರೆ ಏನಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಆದರೂ ಹಕ್ಕಿಗಳ ಬಗ್ಗೆ ಅವರು ಕೆಟ್ಟ ಮಾತು ಆಡಿದ್ದನ್ನು ನಾನು ಕೇಳಿಲ್ಲ. "ಅವಕ್ಕೇನು ಗೊತ್ತ್ರಿ ಬಾಯಿ, ಇದು ಏರ್‌ಪೋರ್ಟ್ ಅಂತ. ಅವರ ಅಜ್ಜನ ಕಾಲದಿಂದ ಇಲ್ಲೇ ಹಾರ್ಯಾಡ್ಯಾರ" ಎನ್ನುತ್ತಿದ್ದರು. ಹಾಗೆಂದು ಪಟಾಕಿ ಹಾರಿಸುವುದನ್ನು ಬಿಡುತ್ತಿರಲಿಲ್ಲ.

ಆ ವರ್ಷ ಮಳೆ ಜೋರು. ಮಳೆಯ ಹಿಂದೆ ಗೆದ್ದಲು ಹುಳು, ಹುಳದ ಹಿಂದೆ ಕಪ್ಪೆ, ಕಪ್ಪೆಯ ಹಿಂದೆ ಬೆಳ್ಳಕ್ಕಿ. ನಮ್ಮ ಕ್ಯಾಂಪಿನ ಹಿಂದೆ ಉಂಡು ಬಿಸಾಕಿದ ಅನ್ನ, ಕೋಳಿ ಕೊಯ್ದ ಕಸ. ಒಂದು ಬೆಳಿಗ್ಗೆ ಕ್ಯಾಂಪಿನ ಮೇಲೆ ಹದ್ದುಗಳು ಗಿರಕಿ ಹೊಡೆಯುತ್ತಿದ್ದಾಗ, ಇಳಿಯಲು ಬಂದ ವಿಮಾನವೊಂದು ಇಳಿಯದೆ ಮತ್ತೆ ಮೇಲೇರಿತು. ಒಂದು ಸುತ್ತು ಹಾಕಿ ಸುರಕ್ಷಿತವಾಗಿ ಇಳಿಯಿತು, ಆದರೆ ಬಿಸಿ ನಮಗೆ ತಟ್ಟಿತು. ನಮ್ಮ ಯೋಜನೆಯ ಮುಖ್ಯಸ್ಥ ಪ್ರಸಾದ್ ಗಾರು ನನ್ನನ್ನು ಕರೆಸಿದರು. ಒಳ್ಳೆಯ ಮನುಷ್ಯ, ಆದರೆ ಸಿಟ್ಟು ಬಂದರೆ ತೆಲುಗಿಗೆ ಇಳಿಯುತ್ತಿದ್ದರು.

"ಇಂಕೊಕ್ಕಸಾರಿ ಪಕ್ಷಿಗಳ ಗುಂಪು ಕ್ಯಾಂಪಿನ ಮೇಲೆ ಕಂಡಿತೋ, ಕ್ಯಾಂಪು ಎತ್ತೇಯಡಮೇ. ಇದು ಮೇಲಿನವರ ಮಾತು, ನನ್ನದಲ್ಲ."

ಇನ್ನೊಮ್ಮೆ ಕಂಡರೆ ಕ್ಯಾಂಪನ್ನೇ ಎತ್ತಿಸುವುದು. ಎತ್ತಿ ಎಲ್ಲಿಗೆ ಒಯ್ಯುವುದೆಂದು ಆಗಲೇ ಗುರುತು ಮಾಡಿದ್ದರು. ಹೊರವರ್ತುಲ ರಸ್ತೆಯ ಆಚೆ ಒಂದು ಹಳೆಯ ಇಟ್ಟಿಗೆ ಭಟ್ಟಿಯ ಜಾಗ. ಅಲ್ಲಿ ಶಾಲೆಯಿಲ್ಲ, ಕೂಸಿನ ಮನೆಯಿಲ್ಲ. ಬೆಳಕು ಹರಿಯುವ ಮೊದಲೇ ಲಾರಿ ಹತ್ತಬೇಕು. ಮಕ್ಕಳಿದ್ದ ಹೆಂಗಸರು ಕೆಲಸ ಬಿಡಬೇಕು, ಇಲ್ಲವೇ ಮಕ್ಕಳನ್ನು ಊರಿಗೆ ಅಟ್ಟಬೇಕು. ನಾನು ಇದನ್ನು ಕ್ಯಾಂಪಿನಲ್ಲಿ ಹೇಳಿದಾಗ ದೇವಮ್ಮ "ನನ್ನ ಮಗಳ ಸಾಲಿ ಬಿಡಸಾಕ ನಾ ತಯಾರ ಇಲ್ರಿ ಅಕ್ಕಾರ. ಏನ್ ಮಾಡಬೇಕು ಹೇಳ್ರಿ, ಮಾಡ್ತೀವಿ" ಎಂದಳು.

ಮಾಡಿದರು. ಮುಚ್ಚಳದ ಡಬ್ಬಿಗಳು ಬಂದವು, ಕಸದ ಗಾಡಿ ಬೆಳಿಗ್ಗೆಯೇ ಬಂದು ಹೋಗತೊಡಗಿತು. ಕೋಳಿ ಕೊಯ್ಯುವುದಕ್ಕೆ ಬಲೆ ಹಾಕಿದ ಜಾಗ ಮಾಡಿಸಿದೆ. ಡಬ್ಬಿಯ ಮುಚ್ಚಳ ತೆರೆದಿಟ್ಟವರನ್ನು ದೇವಮ್ಮ ಅವರ ತಾಯಿ ತಂದೆಯ ಸಮೇತ ವಿಚಾರಿಸಿಕೊಳ್ಳುತ್ತಿದ್ದಳು. ಗಣೇಶ ಚೌತಿ ಹೊತ್ತಿಗೆ ಕ್ಯಾಂಪಿನ ಮೇಲಿನ ಆಕಾಶ ಖಾಲಿಯಾಯಿತು. ಇಕ್ಬಾಲ್ ಸಾಹೇಬರು ಜೀಪು ನಿಲ್ಲಿಸಿ, "ಕಮಾಲ್ ಮಾಡೀರಿ ಬಾಯಿ, ನನ್ನ ನೌಕರಿ ಹೋಗ್ತದ ಈಗ" ಎಂದರು. ನಾನು ಮನೆಯಲ್ಲಿ ಅಪ್ಪನ ಮುಂದೆ ಜಂಬ ಕೊಚ್ಚಿಕೊಂಡೆ. ಅಪ್ಪ ಪೇಪರಿನಿಂದ ತಲೆಯೆತ್ತಿ, "ಹಿರೇರ ಅಮಾಸಿ ಬರಾಕತ್ತೈತಿ. ಕಾಗಿಗೆ ಎಡಿ ಇಡಾಕ ಆ ದಿನ ರಜಾ ಹಾಕು" ಎಂದು ಮತ್ತೆ ಪೇಪರಿಗೆ ಮುಖ ಹಾಕಿದರು.

ನನ್ನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಯ ದಿನ ಅಪ್ಪ ತಾರಸಿಯ ಮೇಲೆ ಬಾಳೆಲೆ ಹಾಸಿ, ಅಜ್ಜ ಅಜ್ಜಿಯ ಹೆಸರು ಹೇಳಿ, ಕಾಗೆ ಬಂದು ಮುಟ್ಟುವವರೆಗೆ ಯಾರನ್ನೂ ಉಣ್ಣಗೊಡುತ್ತಿರಲಿಲ್ಲ. ಹೋದವರು ಕಾಗೆಯಾಗಿ ಬಂದು ಉಂಡು ಹೋಗುತ್ತಾರೆ, ಮುಟ್ಟದಿದ್ದರೆ ಅವರಿಗೆ ಏನೋ ಅಸಮಾಧಾನ ಉಳಿದಿದೆ. ನಮ್ಮ ಮನೆಯ ಒಂದು ತಾರಸಿಯ ಮೇಲೆ ಒಂದು ಎಡೆ. ಕ್ಯಾಂಪಿನಲ್ಲಿ ನೂರಾರು ತಗಡುಗಳ ಮೇಲೆ ನೂರಾರು ಎಡೆ. ಅನ್ನ, ಹೋಳಿಗೆ, ವಡೆ, ಕೆಲವರ ಮನೆಯಲ್ಲಿ ಮಾಂಸ. ಎಲ್ಲವೂ ಒಂದೇ ಮಧ್ಯಾಹ್ನ, ರನ್‌ವೇ ತುದಿಯಲ್ಲಿ, ಕಾಗೆಗಳನ್ನು ಕೂಗಿ ಕೂಗಿ ಕರೆಯುತ್ತ.

ಮರುದಿನ ದೇವಮ್ಮನನ್ನು ಕೇಳಿದೆ. ಆಕೆಗೆ ಅದು ಸಮಸ್ಯೆ ಎಂದೇ ಹೊಳೆದಿರಲಿಲ್ಲ. "ಹೌದ್ರಿ, ಇಡ್ತೀವಿ. ಎಲ್ಲಾರೂ ಇಡ್ತಾರ. ನಮ್ಮ ಮನಿಯವ್ರು ಹೋದ ಮ್ಯಾಲೆ ಇದ ಮೊದಲನೇ ಎಡಿ" ಎಂದಳು. ನಂತರ ನನ್ನ ಮುಖ ನೋಡಿ, ಆಕಾಶ ನೋಡಿ, "ಅಯ್ಯ, ಕಾಗಿ!" ಎಂದಳು.

ಪ್ರಸಾದ್ ಗಾರು ಒಂದೇ ಮಾತಿನಲ್ಲಿ ಮುಗಿಸಿದರು. ನಿಷೇಧ. ಆ ದಿನ ಯಾರಾದರೂ ಹೊರಗೆ ಅನ್ನ ಇಟ್ಟರೆ ಕೆಲಸದಿಂದ ತೆಗೆಯುವುದು. ನಾನು ಕುರ್ಚಿ ಎಳೆದುಕೊಂಡು ಕುಳಿತೆ.

"ಸಾರ್, ನೀವು ನಿಮ್ಮ ಅಪ್ಪನಿಗೆ ಏನೂ ಮಾಡುವುದಿಲ್ಲವೇ ಆ ದಿನ?"

"ಪೆತ್ರಮಾಸ ಎಂದು ಅದೇ ಅಮಾವಾಸ್ಯೆ ನಮ್ಮಲ್ಲೂ ಇದೆ. ಅದು ಬೇರೆ ವಿಷಯ."

"ಅದೇ ವಿಷಯ. ನಿಷೇಧಿಸಿದರೆ ಕದ್ದು ಇಡುತ್ತಾರೆ. ಕದ್ದು ಇಟ್ಟದ್ದಕ್ಕೆ ಮುಚ್ಚಳ ಇರುವುದಿಲ್ಲ. ಇಲ್ಲವೇ ಹಿಂದಿನ ದಿನವೇ ಊರಿಗೆ ಹೊರಡುತ್ತಾರೆ, ನಿಮ್ಮ ಕಾಂಕ್ರೀಟು ನಾನೂ ನೀವೂ ಹಾಕಬೇಕಾಗುತ್ತದೆ. ಅದೆಲ್ಲ ಬಿಡಿ. ಅವರ ದೇವರು ದಿಂಡರಿಗೆ ಅಡ್ಡ ಬರುವುದಿಲ್ಲ ಎಂದು ಕಂಪನಿ ಬರೆದು ಸಹಿ ಹಾಕಿದೆ. ಆ ಸಹಿ ಉಳಿಸುವುದಕ್ಕೆ ನೀವು ನನಗೆ ಸಂಬಳ ಕೊಡುತ್ತೀರಿ."

ಅವರು ಪೆನ್ನಿಗೆ ಮುಚ್ಚಳ ಹಾಕಿದರು. "ಸರಿ, ಏಂ ಚೇಸ್ತಾರೋ ಚೇಯಂಡಿ. ಹಕ್ಕಿ ಕಂಡರೆ ಮಾತ್ರ ಕ್ಯಾಂಪು ಇರದು" ಎಂದರು. ಏನು ಮಾಡುತ್ತೀರೋ ಮಾಡಿ ಎಂದು ಅವರು ಹೇಳಿದ್ದು ನನಗೆ ಅಪ್ಪಣೆಯೇ ಆಯಿತು.

ದಾರಿ ತೋರಿಸಿದ್ದು ಇಕ್ಬಾಲ್ ಸಾಹೇಬರು. ರನ್‌ವೇ ಸುತ್ತ ಇಷ್ಟು ದೂರದೊಳಗೆ ಹಕ್ಕಿ ಕರೆಯುವ ಯಾವುದನ್ನೂ ಹೊರಗೆ ಇಡಬಾರದೆಂದು ನಿಯಮ. ಆ ದೂರದಾಚೆ ಒಂದು ಹಳ್ಳಿಯ ಕೆರೆ ಇತ್ತು, ಅವರು ಆಗಾಗ ದೂರದ ರಸ್ತೆಯಿಂದ ದುರ್ಬೀನು ಹಿಡಿದು ಹಕ್ಕಿ ಎಣಿಸುತ್ತಿದ್ದ ಜಾಗ. ಏರಿಯ ಮೇಲೆ ಹುಣಸೆಮರಗಳು, ಮರದ ತುಂಬ ಕಾಗೆ. ಜನರನ್ನು ಬಸ್ಸಿನಲ್ಲಿ ಅಲ್ಲಿಗೆ ಒಯ್ದು ಎಡೆ ಇಡಿಸಿದರೆ ರನ್‌ವೇಗೆ ಬಾಧೆಯಿಲ್ಲ. ಹಳ್ಳಿಯ ಸರಪಂಚ ಹೆಂಗಸನ್ನು ಕೇಳಿದೆ. "ಚೆರುವು ಅಂದರಿದಮ್ಮಾ, ರಂಡಿ" ಎಂದರು. ಕೆರೆ ಎಲ್ಲರದು, ಬನ್ನಿ. ಸಂಜೆ ಅವರ ಹೂವಿನ ಹಬ್ಬ ಬತುಕಮ್ಮ ಶುರು, ಅದಕ್ಕೆ ಮೊದಲು ಏರಿಯನ್ನು ಗುಡಿಸಿಕೊಟ್ಟು ಹೋಗಬೇಕು, ಅಷ್ಟೇ.

ಕ್ಯಾಂಪಿನಲ್ಲಿ ಮಾತ್ರ ಇದು ಸುಲಭವಾಗಲಿಲ್ಲ. "ಹಿರೇರು ನಾವಿರೋ ಮನಿಗೆ ಬರತಾರ್ರಿ. ನಾವು ಬಸ್ ಹತ್ತಿ ಎಲ್ಲೋ ಹೋದ್ರ ಅವರಿಗೆ ಹೆಂಗ ತಿಳೀಬೇಕು?" ಎಂದು ಒಬ್ಬ ಮುದುಕ ಕೇಳಿದ. ಇದಕ್ಕೆ ಎಂ.ಎಸ್ಸಿ.ಯಲ್ಲಿ ಉತ್ತರವಿರಲಿಲ್ಲ. ಬಹಳ ಹೊತ್ತು ಗದ್ದಲವಾಯಿತು. ಕೊನೆಗೆ ದೇವಮ್ಮ ಎದ್ದು ನಿಂತಳು.

"ಹಿರೇರಿಗೆ ಅರಿವಿ ಇಡೋದು, ಪೂಜಿ ಮಾಡೋದು ಎಲ್ಲಾ ಇಲ್ಲೇ ಶೆಡ್ಡಿನ ಒಳಗ ಮಾಡೋಣು. ಆಮ್ಯಾಲೆ, ಉಣ್ಣಾಕ ಕೆರಿಗೆ ಹೋಗೋಣು ಬರ್ರಿ ಅಂತ ಹೇಳಿ ಕರಕೊಂಡ ಹೋಗೋಣು. ನಮ್ಮ ಸಂಗಾಟ ಊರೂರು ತಿರಗಿದವರು ಅವರು, ಬಸ್ ಹತ್ತಾಕ ಅವರಿಗೇನು ಹೊಸಾದೇನು?" ನಂತರ ನನ್ನ ಕಡೆ ತಿರುಗಿದಳು. "ಆದ್ರ ಒಂದ ಮಾತು ಅಕ್ಕಾರ. ಅಲ್ಲಿ ಕಾಗಿ ಮುಟ್ಟಲಿಲ್ಲ ಅಂದ್ರ, ತಿರಗಿ ಬಂದು ಹೊತ್ತು ಮುಳಗೂದ್ರಾಗ ಇಲ್ಲೇ ಶೆಡ್ಡಿನ ತಗಡಿನ ಮ್ಯಾಲೆ ಇಡ್ತೀವಿ. ಆವಾಗ ಕ್ಯಾಂಪು ಹೋದ್ರೂ ಹೋಗಲಿ. ಮೊದಲನೇ ಎಡಿಗೇ ಅವರನ್ನ ಉಪಾಸ ಕಳಸಂಗಿಲ್ಲ ನಾ."

ಮಗಳ ಶಾಲೆಗಾಗಿ ಡಬ್ಬಿ ಮುಚ್ಚಳ ಕಾದವಳು ಈ ಮಾತು ಹೇಳಿದಳು. ನಾನು ಒಪ್ಪಿದೆ. ಕಾಗೆಗಳ ಮೇಲೆ ನನಗೆ ಪೂರ್ತಿ ನಂಬಿಕೆಯಿತ್ತು. ಅನ್ನ ಕಂಡು ಬಾರದ ಕಾಗೆಯನ್ನು ನಾನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ.

ಅಮಾವಾಸ್ಯೆಯ ದಿನ ಮಳೆ ಬಿಡುವು ಕೊಟ್ಟಿತ್ತು. ಮನೆಗೊಬ್ಬರಂತೆ ಜನ ಬಸ್ಸುಗಳನ್ನು ತುಂಬಿದರು, ಮಡಿಲಲ್ಲಿ ಬುಟ್ಟಿ, ಬುಟ್ಟಿಯ ಮೇಲೆ ಬಿಳಿ ಬಟ್ಟೆ. ಇಕ್ಬಾಲ್ ಸಾಹೇಬರು ದಾರಿ ತೋರಿಸಲು ಜೀಪಿನಲ್ಲಿ ಮುಂದೆ ಹೊರಟರು. ಕೆರೆ ತುಂಬಿತ್ತು. ಹಳ್ಳಿಯ ಹೆಂಗಸರು ಆಚೆ ದಡದಲ್ಲಿ ಸಂಜೆಯ ಹಬ್ಬಕ್ಕೆ ತಂಗಡಿ ಹೂವು ಕೊಯ್ಯುತ್ತಿದ್ದರು. ನಮ್ಮವರು ಏರಿಯ ಉದ್ದಕ್ಕೂ ಎಲೆ ಹಾಸಿ ಬಡಿಸಿದರು. ದೇವಮ್ಮ ಕಲ್ಲೊಂದನ್ನು ತೊಳೆದು, ಎಲೆ ಇಟ್ಟು, ಗಂಡನಿಗೆ ಇಷ್ಟವಾಗಿದ್ದ ಶೇಂಗಾ ಹೋಳಿಗೆಯನ್ನು ಮುರಿದು ಮೇಲೆ ಹಾಕಿದಳು. ಎಲ್ಲರೂ ಹಿಂದೆ ಸರಿದು ಕಾ ಕಾ ಎಂದು ಕೂಗಿದರು.

ಹುಣಸೆಮರದಲ್ಲಿದ್ದ ಕಾಗೆಗಳು ಒಮ್ಮೆಲೇ ಎದ್ದವು. ಎದ್ದು, ನಮ್ಮ ತಲೆಯ ಮೇಲೆ ಅರಚುತ್ತ ಸುತ್ತಿ, ಇನ್ನೂ ದೂರದ ಮರಕ್ಕೆ ಹೋಗಿ ಕುಳಿತವು. ಒಂದೂ ಇಳಿಯಲಿಲ್ಲ.

ಕಾದೆವು. ಬಿಸಿಲು ನೆತ್ತಿಗೆ ಬಂತು. ಹಿಂದಿನ ರಾತ್ರಿಯಿಂದ ಉಪವಾಸವಿದ್ದವರು ನೆರಳಿಗೆ ಕುಕ್ಕರಿಸಿದರು. ಕಾಗೆಗಳು ಕೂಗುತ್ತಲೇ ಇದ್ದವು, ಹತ್ತಿರ ಬರಲಿಲ್ಲ. ಹಿರಿಯರಿಗೆ ಹೇಗೆ ತಿಳಿಯಬೇಕು ಎಂದು ಕ್ಯಾಂಪಿನಲ್ಲಿ ಕೇಳಿದ್ದ ಮುದುಕ ನನಗೆ ಬೆನ್ನು ಹಾಕಿ ಕುಳಿತ. ಬೈದಿದ್ದರೇ ಚೆನ್ನಾಗಿತ್ತು. ದೇವಮ್ಮ ಕೈ ಮುಗಿದು, ಮಗಳನ್ನು ಓದಿಸುತ್ತೇನೆ, ಅತ್ತೆಯನ್ನು ನೋಡಿಕೊಳ್ಳುತ್ತೇನೆ ಎಂದು ಒಂದೊಂದೇ ಮಾತು ಕೊಟ್ಟಳು. ಕೊಡಲು ಇನ್ನೇನೂ ಉಳಿಯದಾದಾಗ ಬುಟ್ಟಿ ಎತ್ತಿಕೊಂಡಳು.

"ಸಾಕ್ರಿ ಅಕ್ಕಾರ. ನಡೀರಿ ಕ್ಯಾಂಪಿಗೆ."

ಇನ್ನು ಸಂಜೆಗೆ ತಗಡುಗಳ ಮೇಲೆ ಎಡೆ, ನಾಳೆಗೆ ಲಾರಿ. ಅಷ್ಟರಲ್ಲಿ ಇಕ್ಬಾಲ್ ಸಾಹೇಬರು ಮೆಲ್ಲಗೆ ನನ್ನ ಬಳಿ ಬಂದರು. ಮುಖ ಸಣ್ಣದಾಗಿತ್ತು.

"ಬಾಯಿ, ತಪ್ಪು ಕಾಗೀದಲ್ಲ. ನಂದು. ಇವು ನಮ್ಮ ಕಡಿ ಬರೋ ಕಾಗಿನೇ. ಜೀಪು ಗುರುತ ಹಿಡದಾವ."

ಜೀಪನ್ನು ಏರಿಯ ಹಿಂದೆ ಕಳಿಸಿದೆವು. ಅವರು ಕಿತ್ತಳೆ ಜಾಕೆಟ್ ಬಿಚ್ಚಿ ಬಸ್ಸಿನಲ್ಲಿ ಎಸೆದು ಬಂದರು. ಕೂಗು ಸ್ವಲ್ಪ ತಗ್ಗಿತು, ನಿಲ್ಲಲಿಲ್ಲ. ಅವರು ಎಡಕ್ಕೆ ನಡೆದರೆ ಕೂಗು ಎಡಕ್ಕೆ, ಬಲಕ್ಕೆ ನಡೆದರೆ ಬಲಕ್ಕೆ. ಬರೀ ಬಿಳಿ ಅಂಗಿಯಲ್ಲಿ ನಿಂತ ಆ ಮನುಷ್ಯನನ್ನು ಕಾಗೆಗಳು ಮುಖ ನೋಡಿಯೇ ಬೈಯುತ್ತಿದ್ದವು. ನನಗೆ ನಗು ಬಂತು, ಅವರಿಗೆ ಬರಲಿಲ್ಲ. ತಲೆ ತಗ್ಗಿಸಿ ಬಸ್ಸು ಹತ್ತಿದರು, ಕಿಟಕಿಯಿಂದ ಕಾಣದಂತೆ ಸೀಟುಗಳ ನಡುವೆ ನೆಲದ ಮೇಲೆ ಕುಳಿತರು.

ಮರ ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ಒಂದು ಕಾಗೆ ಬಂತು, ದೇವಮ್ಮನ ಕಲ್ಲಿನಿಂದ ತುಸು ದೂರ ಇಳಿದು ಕುಪ್ಪಳಿಸಿತು. ಅವಳು ಬುಟ್ಟಿ ಹಿಡಿದೇ ನಿಂತಿದ್ದಳು. ಅದು ಹೋಳಿಗೆಯ ಚೂರು ಕಚ್ಚಿಕೊಂಡು ಹಾರಿತು. ಅದರ ಹಿಂದೆ ಮರವೇ ಇಳಿದು ಬಂದಂತೆ ಎಲ್ಲ ಕಾಗೆಗಳೂ ಬಂದವು. ದೇವಮ್ಮ ಸೆರಗಿನಲ್ಲಿ ಮುಖ ಮುಚ್ಚಿ ಜೋರಾಗಿ ಅತ್ತಳು. ನಾನೂ ಅತ್ತೆ, ಅದರಲ್ಲಿ ನಾಚಿಕೆಯೇನಿಲ್ಲ.

ಪ್ರಸಾದ್ ಗಾರು ಫೋನ್ ಮಾಡಿದರು. ಕ್ಯಾಂಪಿನ ಮೇಲೆ ಬೆಳಿಗ್ಗೆಯಿಂದ ಒಂದು ಗುಬ್ಬಿಯೂ ಇಲ್ಲವಂತೆ. "ಕ್ಯಾಂಪು ಉಂಟುಂದಿ ಲೆಂಡಿ" ಎಂದರು. ಕ್ಯಾಂಪು ಇರುತ್ತದೆ ಎಂದು ನಾನು ಎಲ್ಲರಿಗೂ ಕೂಗಿ ಹೇಳಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಎಲ್ಲರಿಗೂ ಹಸಿವಾಗಿತ್ತು.

ದೇವಮ್ಮ ಒಂದು ಎಲೆಯಲ್ಲಿ ಬಡಿಸಿಕೊಂಡು ಬಸ್ಸು ಹತ್ತಿದಳು. ಹಿಂದೆ ನಾನೂ. ಇಕ್ಬಾಲ್ ಸಾಹೇಬರು ಇನ್ನೂ ಕೆಳಗೇ ಕುಳಿತಿದ್ದರು.

"ಉಣ್ರಿ ಸಾಹೇಬ್ರ. ನೀವ ಸರದ್ರಿ, ಅವರು ಬಂದ್ರು."

ಅವರು ಎಲೆ ತೆಗೆದುಕೊಂಡರು, ಉಣ್ಣಲಿಲ್ಲ. ಅದನ್ನು ತೊಡೆಯ ಮೇಲಿಟ್ಟುಕೊಂಡರು. "ಎರಡು ಮಳಿಗಾಲದ ಹಿಂದ ನಮ್ಮ ಅಮ್ಮೀಗೆ ಭಾಳ ಬೀಮಾರಿ ಆಗಿತ್ತು. ನಮ್ಮಾಗ ಸದ್ಕಾ ಅಂತ ಇರ್ತದ, ಬೀಮಾರಿ ಇದ್ದವರ ತಲಿ ಸುತ್ತ ಮಾಂಸದ ತುಂಡು ಇಳಿಸಿ ಹದ್ದಿಗೆ ಹಾಕೋದು. ಇಲ್ಲೇ ನಮ್ಮನಿ ಛತ್ತಿನ ಮ್ಯಾಲೆ ನಿಂತು ನಾನೇ ಹಾಕ್ದೆ. ಒಂದ ಹದ್ದೂ ಇಳೀಲಿಲ್ಲ. ಬಾಜೂ ಮನಿಗೆ ಇಳದ್ವು, ನಮ್ಮನಿಗೆ ಇಲ್ಲ. ಅಮ್ಮೀ ಕೆಳಗಿಂದ ಕೇಳ್ತಾನೇ ಇದ್ಲು, ಬಂತಾ ಬೇಟಾ, ಬಂತಾ ಅಂತ. ಆಮ್ಯಾಲೆ ಹೋಗಿಬಿಟ್ಲು." ಎಲೆಯನ್ನು ನೋಡುತ್ತ ಹೇಳಿದರು. "ಯಾಕ ಬರಲಿಲ್ಲ ಅಂತ ಇವತ್ತು ತಿಳೀತು ನನಗ."

ದೇವಮ್ಮ ಅವರ ಕೈಯಿಂದ ಎಲೆಯನ್ನು ವಾಪಸು ತೆಗೆದುಕೊಂಡಳು.

"ಅವರ ಹೆಸರೇನ್ರಿ?"

"ಜುಬೇದಾ. ಆದ್ರ ನಮ್ಮಾಗ ಹಿಂಗ ಇಡಂಗಿಲ್ರಿ ದೇವಮ್ಮ."

"ನೀವೇನ್ ಇಡಬ್ಯಾಡ್ರಿ. ನಾ ಇಡ್ತೀನಿ. ನೀವು ತಲಿ ತಗ್ಗಿಸಿ ಕುಂದರ್ರಿ, ಅಷ್ಟ ಸಾಕು."

ಅವಳು ಕೆಳಗಿಳಿದು, ಬಸ್ಸಿನ ಎದುರಿಗೇ ಏರಿಯ ಮೇಲೆ ಎಲೆಯನ್ನಿಟ್ಟು, "ಜುಬೇದವ್ವ, ಬಾರವಾ, ನಿನ್ನ ಮಗ ಬಂದಾನ" ಎಂದು ಕೂಗಿ ಹಿಂದೆ ಸರಿದಳು. ನಾನು ಕಿಟಕಿಯ ಬಳಿ ನಿಂತೆ. ಇಕ್ಬಾಲ್ ಸಾಹೇಬರು ನೋಡಬೇಕೆಂದರೆ ತಲೆ ಎತ್ತಬೇಕು, ಎತ್ತಿದರೆ ಕಾಗೆ ಹಾರುತ್ತದೆ. ಅವರು ಹಣೆಯನ್ನು ಮುಂದಿನ ಸೀಟಿಗೆ ಒತ್ತಿ, ಕಣ್ಣು ಮುಚ್ಚಿ ಕುಳಿತರು.

"ಬಂತೇನ್ರಿ ಬಾಯಿ?"

"ಇನ್ನೂ ಇಲ್ರಿ."

ಒಂದು ಕಾಗೆ ಏರಿಯ ಮೇಲೆ ಇಳಿಯಿತು. ಬಸ್ಸಿನ ಕಡೆ ಕತ್ತು ಓರೆ ಮಾಡಿ ನೋಡಿತು. ಎಲೆಯ ಅಂಚಿಗೆ ಬಂತು, ಅನ್ನಕ್ಕೆ ಕೊಕ್ಕು ಹಾಕಿತು, ಮತ್ತೊಮ್ಮೆ ಹಾಕಿತು.

"ಬಂತೇನ್ರಿ?" ಎಂದು ಅವರು ತಲೆ ಎತ್ತದೆ ಕೇಳಿದರು.

"ಬಂತ್ರಿ" ಎಂದೆ. "ಉಣ್ಣಾಕತ್ತೈತಿ."